ಪಕ್ಕದಲ್ಲಿ ಕೂರುವವರು

ಅಪ್ಪ,

ನೀನು ಹೋಗಿ ಎಂಟು ತಿಂಗಳಾಯಿತು. ಆದರೂ ಇದನ್ನು ನಿನಗೇ ಹೇಳಬೇಕು ಅನ್ನಿಸಿತು. ಬೀದಿಯಲ್ಲಿ ಸಿಕ್ಕಿದ ಬೆಕ್ಕಿನ ಮರಿಗಳನ್ನು ಸಾಕುತ್ತಾರಲ್ಲ, ಕೋಗಿಲು ಬಡಾವಣೆಯ ವೇದಕ್ಕ, ಅವರು ಮನೆಯಲ್ಲಿ ಜಾಗವಿಲ್ಲ ಅಂತ ಒಂದು ಮರಿಯನ್ನು ನನ್ನ ಹತ್ತಿರ ಬಿಟ್ಟಿದ್ದಾರೆ. ಅದಕ್ಕೆ ನೆಗಡಿ, ಕಣ್ಣೆಲ್ಲ ಕೀವು. ನಿನ್ನೆಯಿಂದ ತಿನ್ನುವುದನ್ನೂ ಬಿಟ್ಟಿತ್ತು. ಬೆಳಿಗ್ಗೆ ಶರ್ಟಿನೊಳಗೆ ಇಟ್ಟುಕೊಂಡು, ಬೈಕಿನಲ್ಲಿ ಯಲಹಂಕದ ಡಾಕ್ಟರ್ ಹತ್ತಿರ ಹೋದೆ.

"ಅಡ್ಮಿಟ್ ಮಾಡಿದ್ರೆ ಒಳ್ಳೇದು ಕಣಪ್ಪ" ಅಂದರು.

"ಅಷ್ಟು ದುಡ್ಡಿಲ್ಲ ಸಾರ್."

"ಹಂಗಾದ್ರೆ ಗಂಟೆಗೊಂದ್ಸಲ ಸಿರಿಂಜಲ್ಲಿ ಕುಡಿಸ್ಬೇಕು. ಪಕ್ಕದಲ್ಲೇ ಕೂತ್ಕೊಳಕ್ಕೆ ಮನೇಲಿ ಯಾರಿದ್ದಾರೆ?"

"ನಾನಿದ್ದೀನಿ ಸಾರ್."

ಆಸ್ಪತ್ರೆಯವರು ನಿನ್ನನ್ನು ಮನೆಗೇ ಕರೆದುಕೊಂಡು ಹೋಗಿ ಅಂದ ದಿನ ನರ್ಸಮ್ಮನೂ ಇದನ್ನೇ ಕೇಳಿದ್ದರು. ಆಗ ನಾನು ಅಮ್ಮನ ಮುಖ ನೋಡಿ, ಬೈಕಿನ ಕೀ ತೆಗೆದುಕೊಂಡು ಹೊರಗೆ ಬಂದಿದ್ದೆ. ಕೊನೆಯವರೆಗೂ ನಿನ್ನ ಪಕ್ಕದಲ್ಲಿ ಕೂತವಳು ಅಮ್ಮ ಒಬ್ಬಳೇ.

ಇವತ್ತು ಎಲ್ಲಿಗೂ ಹೋಗಿಲ್ಲಪ್ಪ. ಸಂಜೆ ಮರಿ ತಾನಾಗೇ ಒಂದು ತೊಟ್ಟು ನುಂಗಿತು. "ಅಮ್ಮಾ, ನುಂಗ್ತು ನೋಡು!" ಅಂತ ಕೂಗಿದೆ. ಅಮ್ಮ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಒಳಗೆ ಹೋದಳು.