ನಲವತ್ತೆಂಟು ಡಿಗ್ರಿಯಲ್ಲಿ ಬಾತುಕೋಳಿ

ಮಾನ್ಯ ಪ್ರಾಂಶುಪಾಲರೇ,

ಹೊರಾಂಗಣ ಚಟುವಟಿಕೆ ಮಾಡಲಿಲ್ಲ ಎಂಬ ಕಾರಣಕ್ಕೆ ನನ್ನ ಮಗಳನ್ನು ಹೊರಾಂಗಣಕ್ಕೆ ಕರೆದೊಯ್ಯುವುದಿಲ್ಲ ಎಂದು ತಮ್ಮ ಶಾಲೆ ಸುತ್ತೋಲೆ ಕಳಿಸಿದೆ. ಐದನೇ ತರಗತಿಯ ಎಲೈಜಾ ಬರುವ ಗುರುವಾರ ಸೀಲೈನ್ ಮರಳುದಿಬ್ಬದ ಶಿಬಿರಕ್ಕೆ ಹೋಗುವಂತಿಲ್ಲ. ಆ ಸುತ್ತೋಲೆಯನ್ನು ನಾನು ನಾಲ್ಕು ಸಲ ಓದಿದೆ. ತಾವೂ ಒಂದು ಸಲ ಓದಬೇಕೆಂದು ಕೋರುತ್ತೇನೆ. ಇಂಗ್ಲಿಷಿನಲ್ಲಿ ಮೂರು ಮೇಲ್ ಕಳಿಸಿದ್ದಾಯಿತು. ಮೂರಕ್ಕೂ ‘ನೋಟೆಡ್ ವಿತ್ ಥ್ಯಾಂಕ್ಸ್’ ಎಂದು ಉತ್ತರ ಬಂತು. ತಾವೂ ಉಡುಪಿ ಕಡೆಯವರೆಂದು ಕೇಳಿದ್ದೇನೆ. ಹಾಗಾಗಿ ಈಗ ಕನ್ನಡದಲ್ಲಿ, ಹತ್ತು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ಬೇಸಿಗೆ ರಜೆಗೆಂದು ತಾವು ಮಕ್ಕಳಿಗೊಂದು ಅಭ್ಯಾಸ ಪುಸ್ತಕ ಕೊಟ್ಟಿರಿ. ‘ನಿಮ್ಮ ಊರು ಮತ್ತು ಸುತ್ತಮುತ್ತಲಿನ ಇಪ್ಪತ್ತು ಹೊರಾಂಗಣ ಚಟುವಟಿಕೆಗಳು.’ ಚಂದದ ಪುಸ್ತಕ. ಯಾವುದೋ ತಂಪು ದೇಶದಲ್ಲಿ, ಕ್ಯಾಥೆಡ್ರಲ್ ಇರುವ ಒಂದು ಪುಟ್ಟ ಊರಿನ ಮಕ್ಕಳಿಗಾಗಿ ಬರೆದದ್ದು ಎಂಬುದು ಮುಖಪುಟದಲ್ಲೇ ಗೊತ್ತಾಗುತ್ತದೆ. ಕ್ಯಾಥೆಡ್ರಲ್ಲಿನ ಗೋಪುರ ಹತ್ತಿ ಕಂಡದ್ದನ್ನು ಚಿತ್ರಿಸಿ. ಅಂಗಳದಲ್ಲಿ ನಿಂತು ಗಂಟೆಗಳನ್ನು ಎಣಿಸಿ. ಹೊಳೆಯ ದಂಡೆಯಲ್ಲಿ ಬಾತುಕೋಳಿಗಳಿಗೆ ಬ್ರೆಡ್ ಹಾಕಿ. ಓಕ್ ಮರದಡಿ ಬಿದ್ದ ಎಲೆ ಆರಿಸಿ. ಕೊನೆಗೊಂದು ಸೂಚನೆ: ‘ಮಧ್ಯಾಹ್ನದ ಹಿತವಾದ ಬಿಸಿಲಿನಲ್ಲಿ ಮಾಡಿದರೆ ಉತ್ತಮ.’ ಜುಲೈ ತಿಂಗಳು. ನಾವಿರುವ ಕೊಲ್ಲಿ ದೇಶದ ಅಲ್ ವುಕೈರ್. ಹೊರಗೆ ನಲವತ್ತೆಂಟು ಡಿಗ್ರಿ. ಆ ಹೊತ್ತಿನಲ್ಲಿ ಸಿಮೆಂಟು ಹೊರುವವರನ್ನೂ ಬಿಸಿಲಲ್ಲಿ ದುಡಿಸಬಾರದೆಂದು ಈ ದೇಶದ ಕಾನೂನೇ ಹೇಳುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ತಮ್ಮ ಶಾಲೆಯಲ್ಲಿ ಆ ಪುಸ್ತಕವನ್ನು ಒಬ್ಬರಾದರೂ ತೆರೆದು ನೋಡಿದ್ದರೇ?

ಎಲೈಜಾ ತೆರೆದಳು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮಗು ಅದು. ಯಾರನ್ನು ಹೋಲುತ್ತಾಳೋ ದೇವರೇ ಬಲ್ಲ. ಇಲ್ಲಿ ವಾರದ ರಜೆಯಾದ ಶುಕ್ರವಾರ ಪೂಜೆಗೆ ಹೋದಾಗ ಚರ್ಚಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ‘ನಮ್ಮ ಚರ್ಚಿಗೆ ಗೋಪುರ ಇಲ್ಲ. ಗಂಟೆಯೂ ಇಲ್ಲ. ಮನೆಯಲ್ಲಿ ಮಸೀದಿಯ ಬಾಂಗ್ ಕೇಳುತ್ತದೆ, ದಿನಕ್ಕೆ ಐದು. ಎಣಿಸಿದೆ’ ಎಂದು ಬರೆದಳು. ಎಲೆ ಆರಿಸಲು ಪಾರ್ಕಿಂಗ್ ಬಳಿಯ ಖರ್ಜೂರದ ಮರದ ಕೆಳಗೆ ಕುಳಿತವಳನ್ನು ವಾಚ್‌ಮನ್ ಹತ್ತು ನಿಮಿಷಕ್ಕೆ ಒಳಗೆ ಕಳಿಸಿದ. ಅದನ್ನೂ ಬರೆದಳು. ಬಾತುಕೋಳಿಗೋಸ್ಕರ ನಾನು, ಅವಳು, ಅವಳ ಅಮ್ಮ ರೆಜಿನಾ ಬೆಳಗ್ಗೆ ನಾಲ್ಕೂವರೆಗೆ ಅಲ್ ವಕ್ರಾ ಕಡಲ ದಂಡೆಗೆ ಹೋದೆವು. ಆ ಹೊತ್ತಿಗೇ ಅಂಗಿ ಒದ್ದೆಯಾಗಿ ಮೈಗೆ ಅಂಟಿತ್ತು. ಅವಳು ಬರೆದದ್ದು ಹೀಗೆ: ‘ಬಾತುಕೋಳಿ ಸಿಗಲಿಲ್ಲ. ಏಡಿ ಮೂವತ್ತೊಂದು ಇದ್ದವು. ಒಂದು ಏಡಿ ಮಾತ್ರ ಬ್ರೆಡ್ ಎಳೆದುಕೊಂಡು ಬಿಲದೊಳಗೆ ಹೋಯಿತು. ನನಗೆ ತುಂಬ ಖುಷಿಯಾಯಿತು.’ ತಮ್ಮ ಟೀಚರು ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಬಾತುಕೋಳಿ ಎಲ್ಲಿ?’ ಎಂದು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ನಾವೂ ಅದನ್ನೇ ಕೇಳಿಕೊಂಡಿದ್ದೆವು.

ಇನ್ನು ನನ್ನ ತಪ್ಪು. ಅದನ್ನು ಮುಚ್ಚಿಡುವುದಿಲ್ಲ. ಹಮದ್ ಬಂದರಿನಲ್ಲಿ ಹನ್ನೊಂದು ವರ್ಷದಿಂದ ಹಡಗಿನ ಕಾಗದಪತ್ರ ನೋಡುವವನು ನಾನು. ಅಲ್ಲಿ ಒಂದು ಕಾಲಮ್ಮೂ ಖಾಲಿ ಇರಬಾರದು. ಸಂಬಂಧವಿಲ್ಲದ ಕಡೆ ‘ಅನ್ವಯಿಸುವುದಿಲ್ಲ’ ಎಂದು ಬರೆದು, ತಾರೀಕು ಹಾಕಿ, ಸಹಿ ಮಾಡಬೇಕು. ಇಲ್ಲದಿದ್ದರೆ ಕಂಟೇನರು ನಿಂತಲ್ಲೇ ನಿಲ್ಲುತ್ತದೆ. ಮಗಳ ಪುಸ್ತಕದಲ್ಲಿ ಉಳಿದ ಹನ್ನೊಂದು ಚಟುವಟಿಕೆಗಳ ಮುಂದೆ ನಾನು ಅದನ್ನೇ ಬರೆದು ಹನ್ನೊಂದು ಸಹಿ ಮಾಡಿದೆ. ಬಹಳ ಅಚ್ಚುಕಟ್ಟಾಗಿದೆ ಎಂದು ಒಳಗೊಳಗೇ ಹೆಮ್ಮೆಪಟ್ಟೆ ಕೂಡ. ಅದರಿಂದಲೇ ಪುಸ್ತಕ ‘ಅಪೂರ್ಣ’ ಆಯಿತು. ನನಗೆ ತಮ್ಮ ಮೇಲೆ ಸಿಟ್ಟಿದೆ, ನಿಜ. ಆದರೆ ಅಪ್ಪನ ಆಫೀಸು ಬುದ್ಧಿಗೆ ಮಗಳು ದಂಡ ತೆರುತ್ತಿದ್ದಾಳಲ್ಲ, ಅದು ಹೆಚ್ಚು ಸುಡುತ್ತದೆ.

ಎದುರು ಫ್ಲ್ಯಾಟಿನ ಅಫ್ಸಾನಾ ಉಳ್ಳಾಲದವರು. ಅವರ ಮಗ ಸವಾದ್ ಎಲೈಜಾಳ ಕ್ಲಾಸೇ. ವಿಷಯ ತಿಳಿದು ಅವರು ಹಣೆ ಚಚ್ಚಿಕೊಂಡರು. “ಎಂತ ಲ್ಯಾನ್ಸಿಯಣ್ಣ ನೀವು! ಊರಿಗೇ ಒಂದು ದಾರಿಯಾದ್ರೆ ನಿಮಗೊಂದು ದಾರಿಯಾ? ಮಾಲ್‌ಗೆ ಕರ್ಕೊಂಡು ಹೋಗಿ ಪ್ಲಾಸ್ಟಿಕ್ ಹುಲ್ಲಿನ ಮೇಲೆ ನಿಲ್ಲಿಸಿ ಇಪ್ಪತ್ತು ಫೋಟೋ ಹೊಡೀಬಾರ್ದಿತ್ತಾ? ನಾವು ಅಂಗಿ ಬದಲಾಯಿಸಿ ಬದಲಾಯಿಸಿ ಒಂದೇ ಸಂಜೆಯಲ್ಲಿ ಮುಗಿಸಿದ್ದು ಮಾರಾಯ್ರೆ. ಖಲಾಸ್!” ಸವಾದನ ಪುಸ್ತಕಕ್ಕೆ ಬಂಗಾರದ ನಕ್ಷತ್ರ ಸಿಕ್ಕಿದೆ. ಪಾಪ, ಒಳ್ಳೆ ಹುಡುಗ. ಅವನ ಮೇಲೆ ನನ್ನ ದೂರಿಲ್ಲ. ಎಸಿಯಲ್ಲಿ ನಡೆದ ಹೊರಾಂಗಣಕ್ಕೆ ನಕ್ಷತ್ರ ಕೊಟ್ಟು, ಬೆವರು ಸುರಿಸಿದ್ದಕ್ಕೆ ಕೆಂಪು ಗೀಟು ಎಳೆದ ತಮ್ಮ ಲೆಕ್ಕಾಚಾರದ ಮೇಲೆ ದೂರು.

ಮೊನ್ನೆ ತಮ್ಮ ಚಟುವಟಿಕೆ ವಿಭಾಗದವರು ರೆಜಿನಾಗೆ ಫೋನು ಮಾಡಿದರು. ಬುಧವಾರದೊಳಗೆ ‘ಹೇಗಾದರೂ’ ಫೋಟೋ ಅಂಟಿಸಿ ಕೊಟ್ಟರೆ ಎಲೈಜಾಳ ಹೆಸರು ಸೇರಿಸುತ್ತಾರಂತೆ. “ಸ್ವಲ್ಪ ಮ್ಯಾನೇಜ್ ಮಾಡಿ ಮೇಡಂ” ಎಂದರಂತೆ. ದಯವಿಟ್ಟು ಗಮನಿಸಿ, ಅವರು ಬಹಳ ಮರ್ಯಾದೆಯಿಂದಲೇ ಮಾತಾಡಿದರು. ರೆಜಿನಾ ಮಾಲ್‌ಗೆ ಹೊರಡಲು ಕಾರಿನ ಕೀ ತೆಗೆದುಕೊಂಡು ಬಂದು ನನ್ನ ಮುಖ ನೋಡಿದಳು. ಡಿಸೆಂಬರಿನ ಆ ಒಂದು ರಾತ್ರಿ ಡೇರೆಯಲ್ಲಿ ಮಲಗಬೇಕೆಂದು ಮಗು ಆರು ತಿಂಗಳಿಂದ ದಿನ ಎಣಿಸುತ್ತಿರುವುದು ನಮ್ಮಿಬ್ಬರಿಗೂ ಗೊತ್ತು. ನಾನು ಎದ್ದು ಚಪ್ಪಲಿಯನ್ನೂ ಹಾಕಿಕೊಂಡೆ, ಸುಳ್ಳು ಹೇಳುವುದಿಲ್ಲ.

ಆಗ ಎಲೈಜಾ ಪುಸ್ತಕ ತಂದು ನನ್ನ ಮುಂದಿಟ್ಟು ಕೇಳಿದಳು: “ಪಪ್ಪಾ, ನಾನು ಬರೆದದ್ರಲ್ಲಿ ಯಾವುದು ಸುಳ್ಳು?”

ಯಾವುದೂ ಇಲ್ಲ ಮಗಳೇ ಎಂದೆ.

“ಹಾಗಾದ್ರೆ ಈಗ ಬರೆಯೋದು?”

ನಾನು ಚಪ್ಪಲಿ ಕಳಚಿಟ್ಟು ಈ ಪತ್ರ ಬರೆಯಲು ಕೂತೆ. ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಅವಳು ಬರೆದದ್ದನ್ನು ಬರೆದ ಹಾಗೆಯೇ ಒಪ್ಪಿಕೊಂಡು ಗುರುವಾರ ಬಸ್ಸು ಹತ್ತಿಸಿ. ಅದು ಆಗದ ಮಾತಾದರೆ, ‘ಎಲೈಜಾ, ನೀನು ನಿಜ ಹೇಳಿದ್ದು ಸಾಕು, ಇನ್ನು ಸುಳ್ಳು ಹೇಳು’ ಎಂದು ಶಾಲೆಯ ಕಾಗದದ ಮೇಲೆ ತಾವೇ ಬರೆದು, ಸಹಿ ಮಾಡಿ, ಮೊಹರು ಒತ್ತಿ ಅವಳ ಕೈಗೆ ಕೊಡಿ. ಅದನ್ನು ಅವಳಿಗೆ ಹೇಳುವ ಧೈರ್ಯ ನನಗೆ ಬರುತ್ತಿಲ್ಲ.

ಇಂತಿ,
ಮಗಳಿಗೆ ಇನ್ನೂ ಉತ್ತರ ಬಾಕಿ ಇಟ್ಟಿರುವ,
ಲ್ಯಾನ್ಸ್‌ಲಾಟ್, ಅಲ್ ವುಕೈರ್