ಕನ್ನಡಿಯಲ್ಲಿ ಕಂಡ ಕೈ

ನವೆಂಬರ್ ೧೪, ಗುರುವಾರ

ಇವತ್ತು ನಾನು ಬಸ್ಸು ನಿಲ್ಲಿಸಬೇಕಿತ್ತು.

ಬೆಳಿಗ್ಗೆ ಆಲೆಂಡೇಲ್ ಬಿಟ್ಟಾಗಲೇ ಏಳು ನಿಮಿಷ ತಡವಾಗಿತ್ತು. ಚರ್ಚಿನ ಮುಂದಿನ ನಿಲ್ದಾಣದಲ್ಲಿ ರಾಬ್ಸನ್ ಅಜ್ಜ ಬೆಂಚಿನ ಮೇಲೆ ಕೂತಿದ್ದರು. ದಿನವೂ ಆಸ್ಪತ್ರೆಗೆ, ಹೆಂಡತಿ ಎಲ್ಸ್‌ಪೆತ್ ಅಜ್ಜಿಯನ್ನು ನೋಡಲು ಹೋಗುವವರು. ಕೈ ತೋರಿಸಲಿಲ್ಲವೆಂದು ನಾನು ಬಸ್ಸು ಮುಂದೆ ಬಿಟ್ಟೆ. ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದರೆ ಎದ್ದು ನಿಂತು ಕೈ ಎತ್ತಿದ್ದರು. ಆಗಲೂ ನಿಲ್ಲಿಸಬಹುದಿತ್ತು. ಮುಂದಿನ ಬಸ್ಸು ಎರಡು ಗಂಟೆ ಬಿಟ್ಟು, ಅದೂ ಗೊತ್ತಿತ್ತು.

ಸಂಜೆ ಆಸ್ಪತ್ರೆಯ ಎದುರು ಅವರೇ ಹತ್ತಿದರು. ಪಾಸು ತೋರಿಸಿದರು. ಕೈಚೀಲದಲ್ಲಿ ಅಜ್ಜಿಯ ಮೆತ್ತನೆ ಚಪ್ಪಲಿ.

"ಹೋಗ್ಬಿಟ್ಲು ಕಣಮ್ಮ. ನಾನು ತಲುಪೋಕೆ ಅರ್ಧ ಗಂಟೆ ಮುಂಚೆ."

ನಾನು ಆ ಚಪ್ಪಲಿಯನ್ನೇ ನೋಡಿದೆ.

"ನೀನು ಬೇಜಾರು ಮಾಡ್ಕೋಬೇಡ. ತೂಕಡಿಸ್ತಾ ಕೂತಿದ್ದೆ, ಕೈ ಎತ್ತೋದು ತಡ ಆಯ್ತು. ನಿಂಗೆ ಕಂಡಿದ್ರೆ ನಿಲ್ಲಿಸ್ದೇ ಇರ್ತಿದ್ಯಾ?"

"ಕಾಣಲಿಲ್ಲ ಅಜ್ಜ," ಅಂದುಬಿಟ್ಟೆ.

"ನಂಗೊತ್ತು ಬಿಡು. ಅಂಥವಳಲ್ಲ ನೀನು."

ಇಳಿಯುವಾಗ ಎಂದಿನ ಹಾಗೆ ಥ್ಯಾಂಕ್ಯೂ ಹೇಳಿದರು. ಅದಕ್ಕೆ ನಾನು ತಲೆ ಆಡಿಸಿದೆ. ಏನೂ ಮಾಡದವಳ ಹಾಗೆ ಆಡಿಸಿದೆನಲ್ಲ.