ದಾಸಣ್ಣನಿಗೆ ನಾನೇನಾಗಬೇಕು

ತೋಟದ ಮನೆ, ಹೊನ್ನವಳ್ಳಿ
೧೬ ಜುಲೈ ೨೦೨೫

ಚಿರಂಜೀವಿ ಇಂಪನಾಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ನಿನ್ನ ಜೊತೆಯಲ್ಲಿರುವ ಕೃತಿಕಾಳಿಗೂ ಅಷ್ಟೇ.

ತಿಪಟೂರು ಮಾರುಕಟ್ಟೆಯ ಕೊಬ್ಬರಿ ದರ ಇವತ್ತಿಗೂ ನನ್ನ ಕೆಮ್ಮಿನ ಮೇಲೆ ನಿಂತಿದೆ. ನಾನು ಒಂದು ಸಲ ಕೆಮ್ಮಿದರೆ ಕ್ವಿಂಟಲಿಗೆ ಐನೂರು ಏರುತ್ತದೆ. ಎರಡು ಸಲ ಕೆಮ್ಮಿದರೆ ದಲ್ಲಾಳಿಗಳು ಎದ್ದು ಕುರ್ಚಿ ಬಿಡುತ್ತಾರೆ. ಇಂಥವನಿಗೆ ಫೋನು ಮಾಡಿ, ಮಾವ, ನಿಮಗಾದ ನಷ್ಟ ಎಷ್ಟು, ಹೆಸರು ಸಮೇತ ಬರೆದುಕೊಡಿ ಎಂದು ಕೇಳಿದ್ದೀಯಲ್ಲ, ನಿನ್ನ ಧೈರ್ಯಕ್ಕೆ ಮೆಚ್ಚಿದೆ. ನಷ್ಟ ನನ್ನ ಜಾತಕದಲ್ಲೇ ಇಲ್ಲ. ಆಗಿದ್ದರೂ ಹತ್ತಿಪ್ಪತ್ತು ಸಾವಿರ ಇರಬಹುದು.

ಹೆಣ್ಣು ಹೆಣ್ಣು, ಗಂಡು ಗಂಡು ಮದುವೆಯಾಗಲು ಕಾನೂನು ಬೇಕೆಂದು ಕೇಳಿದ್ದಕ್ಕೆ ದೆಹಲಿಯ ದೊಡ್ಡ ಕೋರ್ಟು, ಅದು ಪಾರ್ಲಿಮೆಂಟಿನವರ ಕೆಲಸ ಎಂದಿತಂತೆ. ಆ ಪಾರ್ಲಿಮೆಂಟಿನವರ ಮುಂದೆ ಇಡಲು ನಿಮ್ಮ ವಕೀಲರು ನಿಮ್ಮಂಥವರ ಹೇಳಿಕೆ ಕೂಡಿಸುತ್ತಿದ್ದಾರೆಂದು ತಿಳಿಯಿತು. ನಾನೂ ಬರೆಯುತ್ತೇನೆ. ಹೆಸರು ಮಾತ್ರ ಬೇಡ. ‘ತಿಪಟೂರು ತಾಲ್ಲೂಕಿನ ಒಬ್ಬ ರೈತ’ ಎಂದು ಹಾಕಿಕೋ.

ಹೋದ ವರ್ಷದ ಯುಗಾದಿಗೆ ನೀವಿಬ್ಬರೂ ಇಲ್ಲಿಗೆ ಬಂದಾಗ ನಾನು ಆಡಿದ ಮಾತು ನೆನಪಿದೆಯಾ? ಹಾರ ಬದಲಾಯಿಸ್ಕೊಳ್ರವ್ವ, ಊರಿಗೆಲ್ಲ ಒಬ್ಬಟ್ಟಿನೂಟ ನಾನು ಹಾಕಿಸ್ತೀನಿ, ಸರ್ಕಾರದ ಸೀಲು ಯಾಕೆ, ನಾವೇನು ಬದುಕಿಲ್ವಾ ಎಂದಿದ್ದೆ. ಆಗ ಕೃತಿಕಾ, ನಾವು ಅಂದ್ರೆ ಯಾರ್ಯಾರು ಮಾವ ಎಂದು ಕೇಳಿಬಿಟ್ಟಳು. ಎದುರಿಗೆ ಕೂತಿದ್ದ ದಾಸಣ್ಣ ತಲೆ ಬಗ್ಗಿಸಿ ಒಬ್ಬಟ್ಟು ಮುರಿಯುತ್ತಿದ್ದ. ನಾನು ಬಾರದ ಫೋನನ್ನು ಕಿವಿಗಿಟ್ಟುಕೊಂಡು ಹಿತ್ತಲಿಗೆ ಹೋದೆ. ಅಲ್ಲಿ ಕಾಲು ಗಂಟೆ ಯಾರೊಂದಿಗೂ ಅಲ್ಲದೆ ಕೊಬ್ಬರಿ ದರ ಮಾತಾಡಿದೆ.

ಅವಳ ಪ್ರಶ್ನೆಗೆ ಈಗ ಉತ್ತರ ಬರೆಯುತ್ತಿದ್ದೇನೆ. ದಾಸಣ್ಣ ಹುಳಿಯಾರು ಕಡೆಯ ಹಟ್ಟಿಯವನು. ಇಪ್ಪತ್ತೆಂಟು ವರ್ಷದ ಹಿಂದೆ ನಮ್ಮಲ್ಲಿಗೆ ಕಾಯಿ ಸುಲಿಯಲು ಬಂದವನು ವಾಪಸ್ಸು ಹೋಗಲಿಲ್ಲ. ನಾನು ಹೋಗು ಅನ್ನಲೂ ಇಲ್ಲ. ಯಾರಾದರೂ ಕೇಳಿದರೆ, ನಮ್ಮ ಆಳು ಕಣ್ರೀ ಅನ್ನುತ್ತಿದ್ದೆ. ಅವನ ಮುಂದೆಯೇ ಅನ್ನುತ್ತಿದ್ದೆ. ಬಂದವರು ಗೇಟು ದಾಟಿದ ಮೇಲೆ ಅವನು, ಏನ್ ಧಣಿ, ಕಾಲು ಒತ್ಲಾ ಎಂದು ಚುಚ್ಚುವನು. ಆಮೇಲೆ ಮೂರು ದಿನ ಮಾತಿಲ್ಲ. ಕಾಲು ಒತ್ತುತ್ತಿದ್ದವನು ನಾನೇ.

ಈ ತೋಟ ಕೊಂಡಾಗ ನಮ್ಮ ಅಣ್ಣತಮ್ಮಂದಿರ ಪಾಲಿನ ಕೇಸು ನಡೆಯುತ್ತಿತ್ತು. ನನ್ನ ಹೆಸರಿನಲ್ಲಿ ಕೊಂಡರೆ ಅದನ್ನೂ ಪಾಲಿಗೆ ಎಳೆಯುತ್ತಾರೆಂದು ದಾಸಣ್ಣನ ಹೆಸರಿನಲ್ಲಿ ರಿಜಿಸ್ಟರ್ ಮಾಡಿಸಿದೆ. ಅಣ್ಣಂದಿರ ಕಣ್ಣಿಗೆ ಮಣ್ಣೆರಚಿದೆನೆಂದು ಎರಡು ವರ್ಷ ಮೀಸೆ ತಿರುವಿದೆ. ದಾಸಣ್ಣನಿಗೆ ಮಾತ್ರ ಭಯ. ಕೇಸು ಮುಗೀತಲ್ಲ, ಬಾ, ವಿಲ್ ಬರೆದುಬುಡ್ತೀನಿ, ನಾಳೆ ನಾನಿಲ್ದಿದ್ರೆ ನಿಂಗ್ಯಾರು ಎಂದು ವರ್ಷಕ್ಕೊಂದು ಸಲ ಹಟ ಹಿಡಿಯುತ್ತಿದ್ದ. ಒಂದು ಸಲ ಸಬ್ ರಿಜಿಸ್ಟ್ರಾರ್ ಆಫೀಸಿನ ಬಾಗಿಲವರೆಗೂ ಹೋಗಿದ್ದೆವು. ಅಲ್ಲಿ ಪತ್ರ ಬರೆಯಲು ಕೂತಿದ್ದವನು ಹಾಲ್ಕುರಿಕೆಯ ತೋಂಟದಾರ್ಯ, ನನ್ನ ಜೊತೆ ಏಳನೇ ಕ್ಲಾಸು ಓದಿದವನು. ಆಳು ಧಣಿಗೆ ತೋಟ ಬರೀತಾನಾ, ಏನಯ್ಯ ನಿಮ್ಮಿಬ್ಬರ ಸಂಬಂಧ ಎಂದು ಕೇಳಿಯೇ ಕೇಳುತ್ತಾನೆ ಅನ್ನಿಸಿತು. ಹಸಿವಾಗ್ತೈತೆ ನಡಿ ಎಂದು ದಾಸಣ್ಣನನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಎರಡು ಮಸಾಲೆ ದೋಸೆ ತಿನ್ನಿಸಿದೆ. ಆಮೇಲೆ ಅವನು ವಿಲ್ಲಿನ ಮಾತೆತ್ತಲಿಲ್ಲ.

ಈ ಫೆಬ್ರವರಿಯಲ್ಲಿ ಅಟ್ಟದ ಮೇಲೆ ಕಾಯಿ ಹೊರಳಿಸುತ್ತಿದ್ದವನು ಹಾಗೇ ಕುಸಿದ. ಮೆದುಳಲ್ಲಿ ರಕ್ತನಾಳ ಒಡೆದಿತ್ತು. ತುಮಕೂರಿನ ಆಸ್ಪತ್ರೆಯಲ್ಲಿ ನೀವೇನಾಗಬೇಕು ಎಂದರು. ನಾನು ಬುದ್ಧಿವಂತನಲ್ಲವಾ, ಅವನ ಅಣ್ಣ ಎಂದೆ. ಎರಡೂ ಆಧಾರ್ ಕಾರ್ಡು ಪಕ್ಕದಲ್ಲಿಟ್ಟು ನೋಡಿದ ಆ ನರ್ಸಮ್ಮ, ಅಪ್ಪನ ಹೆಸರೇ ಬೇರೆ ಬೇರೆ ಇದೆ, ಸುಳ್ಳು ಹೇಳ್ಬೇಡಿ ತಾತ, ಸಂಬಂಧಿಕರನ್ನ ಕರೆಸಿ ಎಂದಳು. ದಾಸಣ್ಣನ ಅಣ್ಣನ ಮಗ ಈರೇಶ ಬಂದು ಸೈನ್ ಹಾಕುವುದಕ್ಕೆ ಆರು ಗಂಟೆಯಾಯಿತು. ಅವರ ಕಡೆಯವರು ಇಬ್ಬಿಬ್ಬರಾಗಿ ಒಳಗೆ ಹೋಗಿ ನೋಡಿ ಬಂದರು. ನಾನು ಹೊರಗೆ ಅವರ ಚಪ್ಪಲಿ ಕಾಯುತ್ತಾ ಕೂತಿದ್ದೆ. ನನ್ನ ಸರದಿ ಬರುವುದರೊಳಗೆ ಮುಗಿದಿತ್ತು.

ತೋಟದಲ್ಲೇ, ಬಾವಿ ಪಕ್ಕದ ಜೋಡಿ ತೆಂಗಿನ ಬುಡದಲ್ಲಿ ಮಣ್ಣು ಮಾಡಿದರು. ಹದಿನೈದು ದಿನಕ್ಕೆ ಈರೇಶ ತೋಟದ ಖಾತೆ ತಮ್ಮ ಹೆಸರಿಗಾಗಲೆಂದು ಅರ್ಜಿ ಹಾಕಿದ. ನಾನೂ ಕಚೇರಿಗೆ ಓಡಿದೆ. ವಂಶವೃಕ್ಷ ಬರೆಯುವ ಅಧಿಕಾರಿ ಒಳ್ಳೆಯ ಹುಡುಗ, ಕುರ್ಚಿ ಕೊಟ್ಟು ಕೂರಿಸಿದ. ಯಜಮಾನ್ರೇ, ಇಲ್ಲಿ ಹೆಂಡ್ತಿ ಮಕ್ಳು ಅಣ್ಣ ತಮ್ಮ ಅಂತ ಐತೆ, ನಿಮ್ಮನ್ನ ಯಾವ ಗೆರೆಗೆ ಎಳೀಲಿ ಎಂದು ಕೇಳಿದ. ಕೆಮ್ಮಿದರೆ ದರ ಏರಿಸುವವನು ಎರಡು ಸಲ ಕೆಮ್ಮಿ, ನಾನೇ ಕುರ್ಚಿ ಬಿಟ್ಟು ಎದ್ದೆ. ಮೂರು ದಿನದ ಹಿಂದೆ ತಾಳಿ ಕಟ್ಟಿಸಿಕೊಂಡವಳಿಗೂ ಆ ಕಾಗದದಲ್ಲಿ ಒಂದು ಗೆರೆಯುಂಟು. ಇಪ್ಪತ್ತೆಂಟು ವರ್ಷ ಅವನ ಮುದ್ದೆ ತಿರುವಿದ ನನಗಿಲ್ಲ.

ನೀವು ವಿಲ್ಲು ಗಿಲ್ಲು ಎಲ್ಲ ಬರೆದಿಡಿ, ನನ್ನ ಹಾಗೆ ದೋಸೆ ತಿಂದು ಬರಬೇಡಿ. ವಿಲ್ ಇದ್ದರೆ ಸಾಕು, ಮದುವೆಗೆ ಕಾನೂನು ಯಾಕೆ ಎಂದು ಯಾರಾದರೂ ನನ್ನಂಥ ಜಾಣ ಅಂದರೆ ಕೇಳು: ಗಂಡ ಬಿದ್ದಾಗ ಯಾವ ಹೆಂಡತಿ ಕಂಕುಳಲ್ಲಿ ವಿಲ್ ಇಟ್ಟುಕೊಂಡು ಆಸ್ಪತ್ರೆಗೆ ಓಡುತ್ತಾಳೆ? ನಾನು ಇವನ ಹೆಂಡತಿ ಅಂದರೆ ಆಯಿತು, ಬಾಗಿಲು ತೆಗೆಯುತ್ತಾರೆ. ನಮಗೆ ಬೇಕಾಗಿದ್ದದ್ದು ಆ ಒಂದು ಮಾತು.

ಈರೇಶ ಕೆಟ್ಟವನಲ್ಲ. ಸಿದ್ದಯ್ನೋರೆ, ನಿಮ್ಮನ್ನ ಆಚೆಗೆ ಹಾಕಲ್ಲ, ಒಂದು ಕಾಗದಕ್ಕೆ ಸೈನ್ ಹಾಕ್ಬುಡಿ ಸಾಕು ಎಂದಿದ್ದಾನೆ. ಕಾಗದದಲ್ಲಿರುವುದು ಇಷ್ಟು: ‘ನಾನು ದಾಸಣ್ಣನವರ ತೋಟದಲ್ಲಿ ಇಪ್ಪತ್ತೆಂಟು ವರ್ಷ ಆಳಾಗಿದ್ದೆ. ಕೂಲಿ ಬಾಕಿ ಏನೂ ಇಲ್ಲ.’ ಹಾಕಿದರೆ ಕಾವಲಿಗೆ ಇರಬಹುದು, ಜೋಡಿ ತೆಂಗಿನ ಬುಡಕ್ಕೆ ದಿನಾ ನೀರು ಬಿಡಬಹುದು. ಹಾಕದಿದ್ದರೆ ಗೇಟಿನಾಚೆ. ಮುಂದಿನ ಸೋಮವಾರ ಹೇಳುತ್ತೇನೆ ಎಂದಿದ್ದೇನೆ. ನನ್ನ ಹೆಸರು ನಿಮ್ಮ ವಕೀಲರ ಪುಸ್ತಕದಲ್ಲಿ ಬಂದರೂ ಗೇಟಿನಾಚೆಯೇ. ಅದಕ್ಕೇ ಹೆಸರು ಬೇಡ ಎಂದದ್ದು.

ಹೋದ ಆಗಸ್ಟಿನಲ್ಲಿ ಇಬ್ಬರೂ ಸೇರಿ ಅಟ್ಟಕ್ಕೇರಿಸಿದ ಕಾಯಿ ಈಗ ಕೊಬ್ಬರಿಯಾಗಿದೆ. ದಾಸಣ್ಣ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಇನ್ನೂ ನೀರೈತೆ, ಇರ್ಲಿ ಬುಡು ಅನ್ನುತ್ತಿದ್ದ. ನಿನ್ನೆ ನಾನೂ ಒಂದನ್ನು ಅಲ್ಲಾಡಿಸಿದೆ. ನೀರಿನ ಸದ್ದಿಲ್ಲ, ಚಿಪ್ಪಿನೊಳಗೆ ಒಣಗಿದ ಕೊಬ್ಬರಿ ಗಡಗಡ ಅಂದಿತು. ಈರೇಶನ ಕಾಯಿ ಎಂದು ಇದ್ದ ಜಾಗದಲ್ಲೇ ಇಟ್ಟೆ.

ನಿಮ್ಮಮ್ಮನಿಗೆ ಈ ಕಾಗದ ತೋರಿಸಬೇಡ.

ಇಂತಿ ನಿನ್ನ ಪ್ರೀತಿಯ ಮಾವ,
ತಿಪಟೂರು ತಾಲ್ಲೂಕಿನ ಒಬ್ಬ ರೈತ

ಮರೆತಿದ್ದೆ: ಮುಂದಿನ ಸೋಮವಾರ ಎಂದು ಬರೆದದ್ದು ಸುಳ್ಳು. ಮೊನ್ನೆ ಸೋಮವಾರವೇ ಸೈನ್ ಹಾಕಿದೆ. ದಾಸಣ್ಣನನ್ನು ಆಳು ಎಂದು ಕರೆದ ಬಾಯಿಗೆ ಅದು ತಕ್ಕದ್ದೇ. ಆದರೆ ನಾವಿಬ್ಬರೂ ಹೋದ ಮೇಲೆ ಅದೊಂದೇ ಕಾಗದ ಉಳಿಯಬಾರದು ಕಣವ್ವ. ಮೇಲಿನ ರೈತನನ್ನು ಹೊಡೆದುಹಾಕಿ ಹಾಲ್ಕುರಿಕೆ ಮರುಳಸಿದ್ದಯ್ಯ ಎಂದು ಬರಿ. ಸಂಬಂಧ ಎಂದು ಕೇಳಿದ ಕಡೆ, ದಾಸಣ್ಣ ನಮ್ಮ ಮನೆಯವರು ಎಂದು ಬರಿ. ಈರೇಶನಿಗೆ ಗೊತ್ತಾದ ದಿನ ನಿಮ್ಮ ಬಾಡಿಗೆ ಮನೆಗೆ ಬರುತ್ತೇನೆ, ಒಂದು ಚಾಪೆಯಷ್ಟು ಜಾಗ ಬಿಟ್ಟಿರಿ. ನಷ್ಟದ ಕಡೆ ಹತ್ತಿಪ್ಪತ್ತು ಸಾವಿರ ಹಾಕಬೇಡ. ತೋಟಕ್ಕೆ ಕೊಟ್ಟ ಹಣ, ಇದುವರೆಗೆ ಅವನೊಬ್ಬನಿಗೇ ಗೊತ್ತಿದ್ದದ್ದು: ಹನ್ನೊಂದು ಲಕ್ಷದ ನಲವತ್ತು ಸಾವಿರ ರೂಪಾಯಿ.